ಐಸಿಯು ಅಲಾರಂ: ‘ಆಫ್ ಮಾಡು’, ‘ಬಂದ್ ಮಾಡು’, ‘ಆರಿಸು’ – ಗೋಡೆ ಮೇಲೆ ಯಾವುದನ್ನು ಬರೆಯೋಣ?

ಐಸಿಯು ಸಿಬ್ಬಂದಿಗೆ ಯಂತ್ರಗಳ ಸುರಕ್ಷತೆ ಬಗ್ಗೆ ಕನ್ನಡದಲ್ಲಿ ಒಂದು ಪೋಸ್ಟರ್ ಮಾಡುತ್ತಿದ್ದೇವೆ. ಓದುವವರು ನರ್ಸ್‌ಗಳು, ಟೆಕ್ನಿಷಿಯನ್‌ಗಳು, ವಾರ್ಡ್ ಬಾಯ್‌ಗಳು, ಆಯಾಗಳು. ಊರು ಬೀದರ್‌ನಿಂದ ಕುಂದಾಪುರದವರೆಗೆ ಯಾವುದೂ ಇರಬಹುದು. ರೋಗಿಯ ನಾಡಿ, ಆಕ್ಸಿಜನ್ ತೋರಿಸುವ ಮಾನಿಟರಿನ ಅಲಾರಂ ವಿಷಯಕ್ಕೆ ಬಂದಾಗ ಕ್ರಿಯಾಪದ ಸಿಗದೆ ನಿಂತಿದ್ದೇನೆ.

‘ಅಲಾರಂ’ ಅನ್ನುವ ಪದದಿಂದ ತೊಂದರೆ ಇಲ್ಲ. ‘ಎಚ್ಚರಿಕೆ ಗಂಟೆ’ ಅಂತ ಬರೆದರೆ ಬೆಂಕಿ ಬಿದ್ದಿದೆ ಅಂದುಕೊಳ್ಳುತ್ತಾರೆ. ವಾರ್ಡಿನಲ್ಲಿ ಮಾನಿಟರ್ ‘ಕೂಗುತ್ತೆ’, ಔಷಧಿ ಹರಿಸುವ ಪಂಪ್ ‘ಹೊಡ್ಕೊಳ್ಳುತ್ತೆ’, ನೈಟ್ ಡ್ಯೂಟಿ ಉದ್ದವಾದಷ್ಟೂ ಎಲ್ಲವೂ ‘ಬಡ್ಕೊಳ್ಳುತ್ತೆ’. ತೊಡಕು ಇರುವುದು ಆಮೇಲೆ ಒತ್ತುವ ಬಟನ್ನಿನಲ್ಲಿ.

ಮಾನಿಟರಿನಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ಸದ್ದನ್ನು ಸ್ವಲ್ಪ ಹೊತ್ತು ತಡೆಯುವುದು. ಸಾಕಷ್ಟು ಮಾಡೆಲ್‌ಗಳಲ್ಲಿ ಇದು 2 ನಿಮಿಷ. ಕಾರಣ ಹೋಗದಿದ್ದರೆ ಮತ್ತೆ ಕೂಗುತ್ತದೆ. ಇನ್ನೊಂದು, ಸದ್ದನ್ನು ಪೂರ್ತಿ ತೆಗೆದುಬಿಡುವುದು. ಯಾರಾದರೂ ಮತ್ತೆ ಆನ್ ಮಾಡುವ ತನಕ ಅದು ಸತ್ತ ಹಾಗೆ. ಪರದೆ ಮೇಲೆ ಗಂಟೆಯ ಚಿತ್ರದ ಮೇಲಿನ X ಗೆರೆ ತುಂಡು ತುಂಡಾಗಿದ್ದರೆ ಮೊದಲನೆಯದು, ಇಡೀ ಗೆರೆಯಾಗಿದ್ದರೆ ಎರಡನೆಯದು. ಚಿತ್ರದಲ್ಲಿ ಇಷ್ಟು ವ್ಯತ್ಯಾಸ ಇದೆ. ಆದರೆ ನಮ್ಮ ಬಾಯಲ್ಲಿ ಎರಡಕ್ಕೂ ಒಂದೇ ಮಾತು: ‘ಆಫ್ ಮಾಡಪ್ಪ ಅದನ್ನ’.

ಇದು ಬರೀ ಮಾತಿನ ವಿಷಯ ಅಲ್ಲ. ರೋಗಿ ಕೈ ಆಡಿಸುತ್ತಾರೆ, ಆಕ್ಸಿಜನ್ ಅಳೆಯುವ ಬೆರಳಿನ ಕ್ಲಿಪ್ ಜಾರುತ್ತದೆ, ಮಾನಿಟರ್ ಕೂಗುತ್ತದೆ. ಒಬ್ಬರು ಸದ್ದು ತಡೆದು ಹೋಗುತ್ತಾರೆ. 2 ನಿಮಿಷಕ್ಕೆ ಮತ್ತೆ ಶುರು. ಸಾಕಾಗಿ ಇನ್ನೊಬ್ಬರು ಮೆನುಗೆ ಹೋಗಿ ಪೂರ್ತಿ ತೆಗೆಯುತ್ತಾರೆ. ಆಮೇಲೆ ಕ್ಲಿಪ್ ಬೆರಳಿಗೆ ವಾಪಸ್ ಬರುತ್ತದೆ, ಅಲಾರಂ ಮಾತ್ರ ವಾಪಸ್ ಬರುವುದಿಲ್ಲ. ರಾತ್ರಿ ಆಕ್ಸಿಜನ್ ನಿಜವಾಗಲೂ ಇಳಿದರೆ ಪರದೆಯಲ್ಲಿ ಅಂಕಿ ಇಳಿಯುತ್ತದೆ, ಸದ್ದಿರುವುದಿಲ್ಲ. ಡ್ಯೂಟಿ ಬದಲಾಗುವಾಗ ‘ಆಫ್ ಮಾಡಿದ್ದೀನಿ’ ಅಂದರೆ ಯಾವ ಆಫ್ ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ಸಿರಿಂಜ್ ಪಂಪ್‌ನದು ಇನ್ನೂ ನಾಜೂಕು. ಪೈಪ್ ಮಡಚಿಕೊಂಡೋ ಕ್ಲ್ಯಾಂಪ್ ಮುಚ್ಚಿಯೋ ಕೂಗಿದಾಗ ಒಳಗೆ ಒತ್ತಡ ಕಟ್ಟಿಕೊಂಡಿರುತ್ತದೆ. ಸದ್ದು ನಿಲ್ಲಿಸಿ ಸುಮ್ನೆ ಕ್ಲ್ಯಾಂಪ್ ಬಿಚ್ಚಿದರೆ ಕಟ್ಟಿದ್ದ ಔಷಧಿ ಒಮ್ಮೆಗೇ ರೋಗಿಯ ಮೈಗೆ ನುಗ್ಗಬಹುದು. ಬಿಪಿ ಏರಿಸುವ ಔಷಧಿಯಾದರೆ ಕೇಳುವುದೇ ಬೇಡ. ಅಲ್ಲಿ ‘ಆಫ್’ ಅನ್ನುವ ಪದವನ್ನೇ ತರಬಾರದು ಅನ್ನಿಸುತ್ತದೆ.

ಈಗ ಪದಗಳಿಗೆ ಬರೋಣ. ಹಳೇ ಮೈಸೂರಿನವರು ‘ಲೈಟ್ ಆರಿಸು’ ಅನ್ನುತ್ತಾರೆ, ಅದು ಪೂರ್ತಿ ತೆಗೆಯುವುದಕ್ಕೆ ಸರಿಹೊಂದುತ್ತದೆ. ಆದರೆ ‘ಅಲಾರಂ ಆರಿಸಿ’ ಅಂತ ಬರೆದರೆ ಮೊಬೈಲ್‌ನಲ್ಲಿ ಕನ್ನಡ ಓದುವವರು ಪಟ್ಟಿಯಿಂದ ಒಂದನ್ನು ಆಯ್ದುಕೊಳ್ಳಿ ಅಂತ ತಿಳಿಯಬಹುದು. ‘ನಿಲ್ಲಿಸು’ ಎರಡು ಕಡೆಗೂ ಎಳೆಯುತ್ತದೆ. ‘ಬಂದ್’ ಉತ್ತರ ಕರ್ನಾಟಕದಲ್ಲಿ ಫ್ಯಾನಿಗೂ ಅಂಗಡಿಗೂ ನಡೆಯುತ್ತದೆ, ಪೂರ್ತಿ ಮುಚ್ಚಿದ ಭಾವ ಜಾಸ್ತಿ. ಸ್ವಲ್ಪ ಹೊತ್ತಿನದಕ್ಕೆ ನನಗೆ ಹಿಡಿಸಿದ್ದು ‘ಸುಮ್ಮನಾಗಿಸು’. ಅಳುವ ಮಗುವನ್ನು ಸುಮ್ಮನಾಗಿಸಿದ ಮಾತ್ರಕ್ಕೆ ಹಸಿವು ಹೋಗಲ್ಲ, ಅದು ಮತ್ತೆ ಅಳುತ್ತೆ ಅಂತ ಎಲ್ಲರಿಗೂ ಗೊತ್ತು.

ಸದ್ಯ ಬರೆದಿರುವ ಸಾಲು ಇದು: ‘ಮೊದಲು ರೋಗಿಯನ್ನು ನೋಡಿ. ಆಮೇಲೆ ಅಲಾರಂ ಸುಮ್ಮನಾಗಿಸಿ. ಬಂದ್ ಮಾಡಬೇಡಿ.’ ಈ ಎರಡು ಕ್ರಿಯಾಪದಗಳ ನಡುವಿನ ವ್ಯತ್ಯಾಸ ನಿಮ್ಮ ಕಡೆ ತಟ್ಟನೆ ತಿಳಿಯುತ್ತದೆಯೇ? ‘ಸುಮ್ಮನಾಗಿಸಿ’ ಯಂತ್ರಕ್ಕೆ ಹೇಳಿದರೆ ನಗು ಬರುತ್ತದೆಯೇ?

ಇನ್ನೊಂದು ಸಣ್ಣ ಪ್ರಶ್ನೆ. ಯಂತ್ರದಿಂದ ಆದ ತೊಂದರೆಯನ್ನು ನರ್ಸ್, ಟೆಕ್ನಿಷಿಯನ್ ಯಾರು ಬೇಕಾದರೂ ವರದಿ ಮಾಡಬಹುದು. 2015ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮೆಟೀರಿಯೋವಿಜಿಲೆನ್ಸ್ (ವೈದ್ಯಕೀಯ ಸಾಧನಗಳ ಮೇಲಿನ ನಿಗಾ) ಕಾರ್ಯಕ್ರಮ ಇರುವುದೇ ಅದಕ್ಕೆ. ನಮ್ಮ ಒಳಗಿನ ಫಾರಂನಲ್ಲಿ, ಅನಾಹುತ ಆಗುವುದರಲ್ಲಿದ್ದು ಆಗದೆ ಉಳಿದ ಘಟನೆಗಳಿಗೂ ಒಂದು ಕಾಲಂ ಬೇಕು. ಪತ್ರಿಕೆಗಳ ‘ತಪ್ಪಿದ ಅನಾಹುತ’ ಹಾಕಿ ನೋಡಿದೆವು. ಫಾರಂ ಕೈಗೆ ಬಂದ ಕೂಡಲೇ ಒಬ್ಬರು ಕೇಳಿದ್ದು, ‘ಯಾರ ತಪ್ಪು ಅಂತ ಬರೀಬೇಕಾ ಸರ್?’ ಕಾಲಂ ಖಾಲಿ ಉಳಿಯಿತು. ‘ಸ್ವಲ್ಪದರಲ್ಲಿ ಉಳಿದದ್ದು’ ಅಂತ ಬದಲಿಸೋಣ ಅಂತಿದ್ದೇನೆ. ಇದಕ್ಕಿಂತ ಚಿಕ್ಕದು, ‘ತಪ್ಪು’ ಇಲ್ಲದ್ದು ನಿಮ್ಮ ಊರಿನ ಮಾತಿನಲ್ಲಿದ್ದರೆ ತಿಳಿಸಿ. ಪೋಸ್ಟರ್ ಮತ್ತು ಫಾರಂ ಒಟ್ಟಿಗೇ ಪ್ರಿಂಟಿಗೆ ಹೋಗಬೇಕು.