ಮಾನಸಿಕ ಕಾಯಿಲೆಯ ಕಳಂಕ ಅಳೆಯೋಕೆ ಯಾವ ಮಾಪಕ?

ಪ್ರಶ್ನೆ:
ಕಾಲೇಜು ವಿದ್ಯಾರ್ಥಿಗಳಿಗೆ ಒಂದೂವರೆ ಗಂಟೆಯ ಕಾರ್ಯಕ್ರಮ ಮಾಡಬೇಕಿದೆ. ‘ಸ್ಕಿಜೋಫ್ರೇನಿಯಾ ಮೆದುಳಿನ ಕಾಯಿಲೆ, ಯಾರ ತಪ್ಪೂ ಅಲ್ಲ’ ಅನ್ನೋದೇ ಮುಖ್ಯ ಭಾಗ. ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಪ್ರಶ್ನಾವಳಿ ಕೊಟ್ಟು ಹೋಲಿಸಬೇಕು. 29 ಹೇಳಿಕೆಗಳ ಐಎಸ್‌ಎಂಐ (Internalized Stigma of Mental Illness) ಅನ್ನೋ ಮಾಪಕ ಕೈಲಿದೆ, ಸಾಕಾ?

ಉತ್ತರ 1:
ಬೇಡ. ಐಎಸ್‌ಎಂಐ ಇರೋದು ಕಾಯಿಲೆ ಇರುವವರಿಗೆ. ಕಾಯಿಲೆ ಬಗ್ಗೆ ಜನ ಆಡುವ ಕೀಳು ಮಾತನ್ನು ಅವರು ಎಷ್ಟರಮಟ್ಟಿಗೆ ತಮ್ಮ ಬಗ್ಗೆ ತಾವೇ ನಂಬಿದ್ದಾರೆ ಅಂತ ಅದು ನೋಡುತ್ತೆ. ನಿಮಗೆ ಬೇಕಿರೋದು ಆರ್‌ಐಬಿಎಸ್ (Reported and Intended Behaviour Scale), ಅಂದರೆ ಕಾಯಿಲೆ ಇರುವವರ ಜೊತೆ ಬೇರೆಯವರು ಹೇಗೆ ನಡೆದುಕೊಳ್ಳುತ್ತಾರೆ ಅಂತ ನೋಡುವ ಮಾಪಕ. ಒಟ್ಟು 8 ಪ್ರಶ್ನೆ. ಮೊದಲ ನಾಲ್ಕು, ಅಂಥವರ ಜೊತೆ ವಾಸ, ಕೆಲಸ, ನೆರೆಹೊರೆ, ಸ್ನೇಹ ಇದೆಯಾ ಅಥವಾ ಇತ್ತಾ ಅಂತ ಕೇಳುತ್ತವೆ. ಇವಕ್ಕೆ ಅಂಕ ಇಲ್ಲ. ಮುಂದೆ ಇವಕ್ಕೆಲ್ಲ ಸಿದ್ಧರಿದ್ದೀರಾ ಅಂತ ಕೇಳುವ ಕೊನೆಯ ನಾಲ್ಕನ್ನು ಮಾತ್ರ 1ರಿಂದ 5ರಂತೆ ಕೂಡಬೇಕು, ಅಂದರೆ 4ರಿಂದ 20. ‘ಗೊತ್ತಿಲ್ಲ’ ಅಂದರೆ 3. ಎಂಟನ್ನೂ ಕೂಡಿಬಿಡೋದು ಮಾಮೂಲಿ ಎಡವಟ್ಟು.

ಪ್ರಶ್ನೆಗಳನ್ನು ಕನ್ನಡಕ್ಕೆ ಅನುವಾದಿಸುವಾಗ ಒಂದು ಎಚ್ಚರ: ‘ಸ್ನೇಹ ಮುಂದುವರಿಸಲು ಹಿಂಜರಿಯುವುದಿಲ್ಲ’ ಅಂತ ಬರೆದರೆ, ‘ಒಪ್ಪುವುದಿಲ್ಲ’ಕ್ಕೆ ಟಿಕ್ ಹಾಕಿದವರು ಏನು ಹೇಳಿದರು ಅಂತ ಅವರಿಗೇ ತಿಳಿಯಲ್ಲ. ‘ಮುಂದುವರಿಸುತ್ತೇನೆ’ ಅಂತ ನೇರವಾಗಿ ಬರೆಯಿರಿ.

ಉತ್ತರ 2:
ಮಾಪಕಕ್ಕಿಂತ ನನಗೆ ಅನುಮಾನ ಇರುವುದು ನಿಮ್ಮ ‘ಮುಖ್ಯ ಭಾಗ’ದ ಮೇಲೆ. ಅಮೆರಿಕದಲ್ಲಿ 1996 ಮತ್ತು 2006ರ ಸಮೀಕ್ಷೆಗಳನ್ನು ಸಮಾಜಶಾಸ್ತ್ರಜ್ಞೆ ಪೆಸ್ಕೊಸೊಲಿಡೊ ಅವರ ತಂಡ ಹೋಲಿಸಿ ನೋಡಿತು. ಮೆದುಳಿನ ಕಾರಣ ಒಪ್ಪುವವರು ಹೆಚ್ಚಿದ್ದರು. ಆದರೆ ದೂರ ಇಡುವ ಮನೋಭಾವ ಕಡಿಮೆಯಾಗಿರಲಿಲ್ಲ. ‘ಮೆದುಳೇ ಕೆಟ್ಟಿದೆ’ ಅಂದಾಗ ದೂಷಣೆ ಇಳಿಯುತ್ತದೆ ನಿಜ, ಅದರ ಬೆನ್ನಿಗೇ ‘ಹಾಗಾದರೆ ವಾಸಿಯಾಗಲ್ಲ, ಯಾವಾಗ ಏನು ಮಾಡ್ತಾರೋ’ ಅನ್ನುವ ಭಯ ಬರುತ್ತದೆ.

ಮನಃಶಾಸ್ತ್ರಜ್ಞ ಕಾರಿಗನ್ ಮತ್ತು ಸಂಗಡಿಗರು 2012ರಲ್ಲಿ ಕಳಂಕ ತಗ್ಗಿಸುವ ಪ್ರಯತ್ನಗಳ ಬಗ್ಗೆ 72 ವರದಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ವಯಸ್ಕರಲ್ಲಿ ಪಾಠಕ್ಕಿಂತ ಕಾಯಿಲೆ ಇರುವವರ ಜೊತೆಗಿನ ಸಂಪರ್ಕ ಹೆಚ್ಚು ಫಲ ಕೊಟ್ಟಿತ್ತು. ಹದಿಹರೆಯದವರಲ್ಲಿ ಪಾಠವೇ ಮೇಲು. ವಿಡಿಯೊಗಿಂತ ಎದುರು ಕೂತ ವ್ಯಕ್ತಿಯ ಮಾತು ನಾಟುತ್ತದೆ. ಹಾಗಾಗಿ ಸ್ಲೈಡುಗಳನ್ನು ಕಾಲು ಗಂಟೆಗೆ ಇಳಿಸಿ. ಕಾಯಿಲೆಯ ಜೊತೆಗೇ ಓದು, ಕೆಲಸ ನಡೆಸುತ್ತಿರುವ, ಮಾತಾಡಲು ತಾವೇ ಮುಂದೆ ಬಂದ ಒಬ್ಬರಿಗೆ ಅರ್ಧ ಗಂಟೆ ಕೊಡಿ, ಉಳಿದದ್ದು ಪ್ರಶ್ನೋತ್ತರಕ್ಕೆ. ತೀರಾ ಖ್ಯಾತರನ್ನು ಕರೆಸಬೇಡಿ. ‘ಅವರು ಬಿಡಿ, ಬೇರೆ ಥರ’ ಅಂತ ಕೇಳುಗರು ಪಕ್ಕಕ್ಕಿಟ್ಟುಬಿಡುತ್ತಾರೆ.

ಪ್ರಶ್ನೆ ಕೇಳಿದವರು:
ಎರಡನೇ ಪ್ರಶ್ನಾವಳಿ ಅದೇ ದಿನ ಕೊಟ್ಟರೆ ಆಗುತ್ತಾ?

ಉತ್ತರ 3:
ಕೊಡಿ, ಆದರೆ ಅದೊಂದನ್ನೇ ನಂಬಬೇಡಿ. ಆಗಷ್ಟೇ ಭಾಷಣ ಕೇಳಿದವರು ನಿಮಗೆ ಬೇಕಾದ ಉತ್ತರವನ್ನೇ ಬರೀತಾರೆ. ಮೂರು ತಿಂಗಳ ನಂತರ ಮತ್ತೊಮ್ಮೆ ತುಂಬಿಸಿ. ಕಾರ್ಯಕ್ರಮ ಇನ್ನೂ ಆಗದ ಇನ್ನೊಂದು ತರಗತಿಗೂ ಅದೇ ದಿನಗಳಲ್ಲಿ ಕೊಡಿ, ಇಲ್ಲದಿದ್ದರೆ ಬದಲಾವಣೆ ಯಾವುದರಿಂದ ಬಂತು ಅಂತ ಹೇಳೋಕಾಗಲ್ಲ. ಹೆಸರು ಬೇಡ, ತಾಯಿಯ ಹೆಸರಿನ ಮೊದಲ ಅಕ್ಷರ, ಹುಟ್ಟಿದ ತಾರೀಖು, ಫೋನಿನ ಕೊನೆಯ ಎರಡಂಕಿ ಸೇರಿಸಿದ ಕೋಡ್ ಇದ್ದರೆ ಹಾಳೆಗಳನ್ನು ಜೋಡಿಸಬಹುದು. ಹಾಳೆ ಸಂಗ್ರಹಿಸುವವರು ಮಾತ್ರ ಭಾಷಣ ಮಾಡಿದವರಾಗಿರಬಾರದು.