ಸಹಾಯ ಬೇಕು: ಕಾಯಿಲೆ ಬಿದ್ದ ಕರುವಿನ ದೇಹದಲ್ಲಿ ಆಂಟಿಬಯಾಟಿಕ್ ಹೇಗೆ ವರ್ತಿಸುತ್ತದೆ?

ಪಶುವೈದ್ಯರು, ಔಷಧಶಾಸ್ತ್ರ ಬಲ್ಲವರು ದಯವಿಟ್ಟು ಉತ್ತರಿಸಿ. ಔಷಧ ದೇಹದಲ್ಲಿ ಸಾಗುವ ಬಗೆಯನ್ನು ಹೆಚ್ಚಾಗಿ ಆರೋಗ್ಯವಂತ ಪ್ರಾಣಿಗಳಲ್ಲಿ ಅಳೆಯುತ್ತಾರೆ. ಸೂಜಿ ಚುಚ್ಚುವುದು ಮಾತ್ರ ಕಾಯಿಲೆ ಬಿದ್ದ ಕರುವಿಗೆ!

ನಮ್ಮ ಎಳೆಗರುವಿಗೆ ಭೇದಿ. ಕಣ್ಣು ಗುಳಿ ಬಿದ್ದಿವೆ; ಕತ್ತಿನ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೆಯೇ ನಿಲ್ಲುತ್ತದೆ. ವೈದ್ಯರು ಮೊದಲು ರಕ್ತನಾಳಕ್ಕೆ ದ್ರವ ಏರಿಸಿದರು, ಜೆಂಟಾಮೈಸಿನ್ ಎಂಬ ಆಂಟಿಬಯಾಟಿಕ್ ಸದ್ಯಕ್ಕೆ ಬೇಡ ಎಂದರು. ಕಾರಣ ಅರ್ಥವಾಗುತ್ತದೆ: ಆ ಔಷಧ ಹೊರಹೋಗುವುದು ಮೂತ್ರಪಿಂಡದ ಮೂಲಕ. ನೀರಿನಂಶ ಇಳಿದಾಗ ಅಲ್ಲಿಗೆ ಹರಿಯುವ ರಕ್ತ ಕಡಿಮೆಯಾಗಿ ಔಷಧ ದೇಹದಲ್ಲೇ ಉಳಿಯುತ್ತದೆ, ಮೂತ್ರಪಿಂಡವನ್ನೇ ಕೆಡಿಸುತ್ತದೆ. ಇನ್ನೊಂದು ಕಡೆ, ಎಳೆಗರುವಿನ ದೇಹದಲ್ಲಿ ನೀರಿನ ಪಾಲು ದೊಡ್ಡ ದನಕ್ಕಿಂತ ಹೆಚ್ಚು. ಹಾಗಾಗಿ ನೀರಿನಲ್ಲಿ ಕರಗುವ ಔಷಧ ಹೆಚ್ಚು ಜಾಗಕ್ಕೆ ಹರಡಿ ತೆಳುವಾಗುತ್ತದೆ. ಇವೆರಡನ್ನೂ ತೂಗಿ ನೋಡಿದರೆ, ಕರು ಚೇತರಿಸಿಕೊಂಡ ಮೇಲೆ ಬದಲಿಸಬೇಕಾದದ್ದು ಡೋಸನ್ನೋ, ಎರಡು ಡೋಸ್‌ಗಳ ನಡುವಿನ ಅಂತರವನ್ನೋ?

ಪಕ್ಕದ ಕರುವಿಗೆ ನ್ಯುಮೋನಿಯಾ. ಉರಿಯೂತದಿಂದ ರಕ್ತನಾಳಗಳು ಸೋರುವುದರಿಂದ ಶ್ವಾಸಕೋಶಕ್ಕೆ ಔಷಧ ಹೆಚ್ಚು ತಲುಪುತ್ತದೆ ಎನ್ನುತ್ತಾರೆ. ರಕ್ತ ಸಂಚಾರವೇ ಇಲ್ಲದ, ಗಟ್ಟಿಯಾದ ಭಾಗಕ್ಕೂ ಈ ಮಾತು ಅನ್ವಯಿಸುತ್ತದೆಯೇ? ನನಗೆ ನಂಬಿಕೆ ಬರುತ್ತಿಲ್ಲ.

ಕೊನೆಯದಾಗಿ, ಔಷಧವನ್ನು ಒಡೆಯುವ ಯಕೃತ್ತು ಇನ್ನೂ ಬಲಿಯದ ಕರುವಿಗೆ ಜ್ವರವೂ ಇದ್ದರೆ, ಲೇಬಲ್‌ನಲ್ಲಿ ಮಾಂಸಕ್ಕೆಂದು ನಮೂದಿಸಿದ ಕಾಯುವ ಅವಧಿ (ಕೊನೆಯ ಡೋಸ್ ಆದ ಮೇಲೆ ಮಾಂಸ ಬಳಸುವ ಮೊದಲು ಕಾಯಬೇಕಾದ ದಿನಗಳು) ಸಾಕಾಗುತ್ತದೆಯೇ? ಚಿಕಿತ್ಸೆ ನೋಡುವುದು ನಮ್ಮ ವೈದ್ಯರೇ. ನನಗೆ ಬೇಕಿರುವುದು ವಿವರಣೆ. ಅನುಭವವಿದ್ದರೆ ಔಷಧದ ಹೆಸರು, ಕರುವಿನ ವಯಸ್ಸಿನ ಸಮೇತ ಬರೆಯಿರಿ.