‘ನಾಯಕತ್ವ’, ‘ಅಧ್ಯಕ್ಷತೆ’: ಒಂದು ದೇಶದ ಬಗ್ಗೆ ಹೇಳುವಾಗ ಯಾವ ಪದ?

ಮಾನ್ಯರೇ,

ಆಗ್ನೇಯ ಏಷ್ಯಾದ ರಾಷ್ಟ್ರಗಳ ಕೂಟವಾದ ಆಸಿಯಾನ್‌ನಲ್ಲಿ ಇಂಡೊನೇಷ್ಯಾ ವಹಿಸುತ್ತ ಬಂದಿರುವ ಪಾತ್ರವನ್ನು ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ‘ಇಂಡೊನೇಷ್ಯಾದ ನಾಯಕತ್ವ’ ಎಂದು ಒಂದೇ ಪುಟದಲ್ಲಿ ಎರಡು ಕಡೆ ಬರೆದಿದ್ದೆ. ತಿದ್ದಲು ಕುಳಿತಾಗ ಆ ಎರಡು ಕಡೆಯೂ ನಾನು ಹೇಳಹೊರಟದ್ದು ಬೇರೆ ಬೇರೆ ಸಂಗತಿ ಎಂಬುದು ಹೊಳೆಯಿತು.

ಒಂದು, ಸರದಿಯಿಂದ ಬರುವ ಸ್ಥಾನ. ಆಸಿಯಾನ್‌ನಲ್ಲಿ ಈ ಸ್ಥಾನ ವರ್ಷಕ್ಕೊಮ್ಮೆ ಒಂದು ಸದಸ್ಯ ರಾಷ್ಟ್ರದಿಂದ ಇನ್ನೊಂದಕ್ಕೆ ಹೋಗುತ್ತದೆ. ಇಂಡೊನೇಷ್ಯಾಕ್ಕೆ ಅದು 2011ರಲ್ಲಿ ಬಂದಿತ್ತು, ಮತ್ತೆ 2023ರಲ್ಲಿ ಬಂತು. ಇದಕ್ಕೆ ‘ಸರದಿ ಅಧ್ಯಕ್ಷತೆ’ ಎಂದರೆ ಸಾಕೆನಿಸುತ್ತದೆ. ಭಾರತಕ್ಕೆ ಜಿ-20ರ ಸರದಿ ಬಂದಾಗ ನಮ್ಮ ಪತ್ರಿಕೆಗಳೂ ‘ಅಧ್ಯಕ್ಷತೆ’ ಎಂದೇ ಬರೆದವು.

ಇನ್ನೊಂದು, ಸ್ಥಾನವಿಲ್ಲದೆಯೂ ಹೊರುವ ಹೊಣೆ. 2012ರ ಜುಲೈಯಲ್ಲಿ ಕಾಂಬೋಡಿಯಾದ ರಾಜಧಾನಿ ನಾಮ್‌ಪೆನ್‌ನಲ್ಲಿ ಸೇರಿದ ಆಸಿಯಾನ್ ವಿದೇಶಾಂಗ ಸಚಿವರು, ದಕ್ಷಿಣ ಚೀನಾ ಸಮುದ್ರದ ಒಡೆತನದ ವಿವಾದದ ವಿಷಯದಲ್ಲಿ ಒಮ್ಮತಕ್ಕೆ ಬರಲಾಗದೆ, ಸಂಸ್ಥೆ ಹುಟ್ಟಿದ 45 ವರ್ಷಗಳಲ್ಲಿ ಮೊದಲ ಬಾರಿಗೆ ಜಂಟಿ ಹೇಳಿಕೆಯನ್ನೇ ಹೊರಡಿಸದೆ ಚದುರಿದರು. ಆಗ ಅಧ್ಯಕ್ಷ ಸ್ಥಾನದಲ್ಲಿದ್ದದ್ದು ಕಾಂಬೋಡಿಯಾ. ಆದರೆ ರಾಜಧಾನಿಯಿಂದ ರಾಜಧಾನಿಗೆ ಓಡಾಡಿ, ಮುನಿಸು ತಣಿಸಿ, ಕೆಲವೇ ದಿನಗಳಲ್ಲಿ ಆ ಸಮುದ್ರದ ಕುರಿತ ಆರು ಅಂಶಗಳಿಗೆ ಎಲ್ಲರನ್ನೂ ಒಪ್ಪಿಸಿದವರು ಇಂಡೊನೇಷ್ಯಾದ ವಿದೇಶಾಂಗ ಸಚಿವ ಮಾರ್ಟಿ ನತಲೆಗಾವಾ. ಈ ಕೆಲಸಕ್ಕೆ ಕನ್ನಡದಲ್ಲಿ ಏನೆನ್ನಬೇಕು?

‘ನಾಯಕತ್ವ’ ಎಂದರೆ ದಂಡನಾಯಕನ ನೆನಪು ಸುಳಿಯುತ್ತದೆ; ‘ಭದ್ರತಾ ಸಹಕಾರದಲ್ಲಿ ನಾಯಕತ್ವ’ ಎಂದು ಓದಿದವರು, ಸೇನಾ ಮೈತ್ರಿಕೂಟವೇ ಅಲ್ಲದ ಆಸಿಯಾನ್‌ನಲ್ಲಿ ಇಂಡೊನೇಷ್ಯಾ ಪಡೆಗಳಿಗೆ ಅಪ್ಪಣೆ ಕೊಡುತ್ತದೆಂದು ತಿಳಿದರೆ ತಪ್ಪು ಅವರದಲ್ಲ. ‘ನೇತೃತ್ವ’ದಲ್ಲಿ ಕೈಕೆಳಗೊಂದು ತಂಡ ಇರಬೇಕು. ‘ಯಜಮಾನಿಕೆ’ಯನ್ನು ನಮ್ಮ ವಿಮರ್ಶಕರು ದಬ್ಬಾಳಿಕೆಯ ಅರ್ಥಕ್ಕೆ ಹತ್ತಿರ ತಂದುಬಿಟ್ಟಿದ್ದಾರೆ. ‘ದೊಡ್ಡಣ್ಣ’ ಎಂಬ ಚೆಂದದ ಮನೆಮಾತು ಪತ್ರಿಕೆಗಳಲ್ಲಿ ಅಮೆರಿಕದ ಅಡ್ಡಹೆಸರಾಗಿ, ತುಸು ಕಹಿಯನ್ನೂ ಹೊತ್ತುಕೊಂಡಿದೆ. ವಿಸ್ತಾರದಲ್ಲೂ ಜನಸಂಖ್ಯೆಯಲ್ಲೂ ತಾನೇ ದೊಡ್ಡದಾಗಿದ್ದು, ನೆರೆಯವರಿಗೆ ಅದು ಭಾರವಾಗದಂತೆ ನಡೆದುಕೊಳ್ಳಬೇಕಾದ ದೇಶಕ್ಕೆ ಈ ಪದ ಅನ್ಯಾಯ ಮಾಡುತ್ತದೆ.

ಇಂಡೊನೇಷ್ಯಾದ ನುಡಿಯಲ್ಲೇ ಇವಕ್ಕೆ ಬೇರೆ ಬೇರೆ ಪದಗಳಿರುವುದು ನನ್ನ ಅನುಮಾನವನ್ನು ಗಟ್ಟಿ ಮಾಡಿತು. ಸರದಿಯ ಸ್ಥಾನಕ್ಕೆ ಅವರು ‘ಕೆಕೆತುವಾನ್’ ಎನ್ನುತ್ತಾರೆ; ಅದರೊಳಗಿನ ‘ತುವಾ’ ಎಂದರೆ ವಯಸ್ಸಾದ, ಹಿರಿಯ ಎಂದರ್ಥ. ನಾಯಕತ್ವಕ್ಕೆ ‘ಕೆಪೆಮಿಂಪಿನಾನ್’ ಎಂಬ ಪದವಿದ್ದು, ಅದರ ಮೂಲವಾದ ‘ಪಿಂಪಿನ್’ಗೆ ಕೈಹಿಡಿದು ನಡೆಸು ಎಂಬ ಅರ್ಥವಿದೆ. ನಾವೂ ‘ಕೈಹಿಡಿದು ನಡೆಸಿದರು’ ಎನ್ನುವವರೇ ಆದ್ದರಿಂದ ಇದನ್ನು ಕಂಡು ಬಹಳ ಸಂತೋಷವಾಯಿತು. ಅಲ್ಲಿನ ಶಿಕ್ಷಣ ಚಿಂತಕ ಕಿ ಹಜರ್ ದೇವಾಂತರ ಅವರ ಸೂತ್ರವೊಂದು, ಮುಂದಿರುವವನು ಮಾದರಿಯಾಗಬೇಕು, ನಡುವೆ ಇರುವವನು ಹುರುಪು ತುಂಬಬೇಕು, ಹಿಂದಿರುವವನು ಬೆಂಬಲವಾಗಬೇಕು ಎನ್ನುತ್ತದೆ. ಹಿಂದೆ ನಿಂತು ನಡೆಸುವವನನ್ನು ‘ಮುಂದಾಳು’ ಎನ್ನಬಹುದೇ ಎಂಬ ಪ್ರಶ್ನೆ ಅಲ್ಲಿಂದ ಎದ್ದಿತು.

ನನಗೆ ತೋಚಿದ ಅತ್ಯಂತ ಹತ್ತಿರದ ಮಾತು ‘ಮುಂದೆ ನಿಂತು ಮಾಡಿಸು’ ಎಂಬುದು. ಮದುವೆಮನೆಯಲ್ಲಿ ಧಾರೆ ಎರೆಯುವವರು ತಂದೆತಾಯಿಯೇ ಆದರೂ, ‘ಸೋದರಮಾವ ಮುಂದೆ ನಿಂತು ಎಲ್ಲ ಮಾಡಿಸಿದರು’ ಎನ್ನುತ್ತೇವಲ್ಲ, ಅಲ್ಲಿ ಅಧಿಕಾರದ ಸೋಂಕಿಲ್ಲ. ಕಾಂಬೋಡಿಯಾದ ಯುದ್ಧ ನಿಲ್ಲಿಸಲು 1988ರಲ್ಲಿ ಕಾದಾಡುತ್ತಿದ್ದ ಬಣಗಳನ್ನು ತನ್ನ ಬೊಗೊರ್ ನಗರದಲ್ಲಿ ಒಂದೆಡೆ ಕೂರಿಸಿ, 1991ರ ಪ್ಯಾರಿಸ್ ಒಪ್ಪಂದದವರೆಗೂ ಕೈಬಿಡದ ಇಂಡೊನೇಷ್ಯಾಕ್ಕೆ ಈ ಮಾತು ಸರಿಯಾಗಿ ಹೊಂದುತ್ತದೆ. ತೊಡಕಿರುವುದು, ಈ ಕ್ರಿಯಾಪದದಿಂದ ಶೀರ್ಷಿಕೆಗೆ ಒದಗುವ ನಾಮಪದ ಹುಟ್ಟುವುದಿಲ್ಲ ಎಂಬಲ್ಲಿ.

ಜೊತೆಗೆ, ಲೇಖನದಲ್ಲಿ ಬರುವ ‘ಪ್ರಾದೇಶಿಕ ಸಹಕಾರ’ ಎಂಬ ಮಾತಿನ ಬಗ್ಗೆ ಒಂದು ಸಣ್ಣ ಸಂದೇಹ. ‘ಪ್ರಾದೇಶಿಕ’ ಎಂದೊಡನೆ ನಮಗೆ ಪ್ರಾದೇಶಿಕ ಪಕ್ಷ, ಪ್ರಾದೇಶಿಕ ಭಾಷೆ ನೆನಪಾಗುತ್ತವೆ. 1986ರಲ್ಲಿ ಬೆಂಗಳೂರಿನಲ್ಲೇ ಶೃಂಗಸಭೆ ನಡೆಸಿದ, ದಕ್ಷಿಣ ಏಷ್ಯಾದ ರಾಷ್ಟ್ರಗಳ ಕೂಟವಾದ ಸಾರ್ಕ್‌ನ ಹೆಸರಿನಲ್ಲಿ ‘ಪ್ರಾದೇಶಿಕ ಸಹಕಾರ’ ನೆಲೆನಿಂತಿರುವುದರಿಂದ ಅದನ್ನು ಕದಲಿಸಲು ಮನಸ್ಸಿಲ್ಲ. ಆದರೂ ‘ನೆರೆರಾಷ್ಟ್ರಗಳ ಸಹಕಾರ’ ಎಂದರೆ ಹೆಚ್ಚು ತಿಳಿಯಾಗುವುದೇ?

ಸದ್ಯಕ್ಕೆ ‘ಭದ್ರತಾ ಸಹಕಾರದಲ್ಲಿ ಇಂಡೊನೇಷ್ಯಾದ ಮುಂದಾಳ್ತನ’ ಎಂದು ಬರೆದಿಟ್ಟಿದ್ದೇನೆ. ‘ಮುಂದಾಳತ್ವ’ಕ್ಕಿಂತ ಇದು ವಾಸಿಯೇ? ನಿಮ್ಮ ಕಡೆಯ ಮಾತಿನಲ್ಲಿ, ಪದವಿಯಿಲ್ಲದೆ ಹತ್ತು ಮನೆಯವರನ್ನು ಒಟ್ಟಿಗೆ ಕೂರಿಸುವವರ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಹೆಸರಿದ್ದರೆ, ಅದನ್ನು ಬಳಸುವ ಒಂದು ವಾಕ್ಯದೊಡನೆ ದಯವಿಟ್ಟು ತಿಳಿಸಿ.